ನೀರಿಂದ ಕರೆಂಟ್ ಅಂತ ಗುತ್ತಿಗೆ, ಹಾಕಿದ್ದು ಡೀಸೆಲ್ ಎಂಜಿನ್! ಜೋರ್ಡಾನ್ ದಡದಲ್ಲಿ ಒಂದು ಶನಿವಾರ

ಎಲ್ರಿಗೂ ನಮಸ್ಕಾರ, ಇವತ್ತು ಶನಿವಾರ ನಂಗೆ ರಜೆ, ನಾನು ನೋಡ್ಕೊಳ್ಳೋ ಅಜ್ಜಿನ ಅವ್ರ ಮಗಳ ಹತ್ರ ಬಿಟ್ಟು ಉಡುಪಿ ಕಡೆಯ ಫ್ರೆಂಡ್ ಕಾರಲ್ಲಿ ನಹರಾಯಿಮ್‌ಗೆ ಬಂದಿದೀವಿ, ಯರ್ಮೂಕ್ ನದಿ ಜೋರ್ಡಾನ್ ನದಿಗೆ ಸೇರೋ ಜಾಗ. ಜೋರ್ಡಾನ್ ಅಂದ್ರೆ ಏನೋ ಮಹಾ ನದಿ ಅಂದ್ಕೊಂಡಿದ್ದೆ ಕಣ್ರೀ, ಮಳೆಗಾಲದಲ್ಲಿ ನಮ್ಮನೆ ಹಿಂದಿನ ತೋಡು ಇದಕ್ಕಿಂತ ಜೋರಾಗಿ ಹರಿಯತ್ತೆ.

ಮುಳ್ಳುತಂತಿ ಆಚೆ ಬೂದು ಬಣ್ಣದ ಕಟ್ಟಡ ಕಾಣ್ತಿದ್ಯಾ, ಝೂಮ್ ಮಾಡಿದ್ರೆ ಕೈ ಅಲ್ಲಾಡ್ತಿದೆ ಸಾರಿ, ಕಿಟಕಿ ಇರ್ಬೇಕಾದ ಕಡೆ ಬರೀ ತೂತು. ಅದೇ ನದಿ ನೀರಿಂದ ಕರೆಂಟ್ ಮಾಡ್ತಿದ್ದ ಹಳೇ ಪವರ್ ಹೌಸ್. ಅದಿರೋದು ಜೋರ್ಡಾನ್ ದೇಶದಲ್ಲಿ, ನಾವು ನಿಂತಿರೋದು ಇಸ್ರೇಲಲ್ಲಿ.

1921ರಲ್ಲಿ ಬ್ರಿಟಿಷ್ ಸರ್ಕಾರ ಪಿನ್ಹಾಸ್ ರುಟೆನ್‌ಬರ್ಗ್ ಅನ್ನೋ ರಷ್ಯಾ ಕಡೆಯ ಎಂಜಿನಿಯರ್‌ಗೆ ಪ್ಯಾಲೆಸ್ಟೈನಲ್ಲಿ ಕರೆಂಟ್ ತಯಾರಿಸೋ ಎರಡು ಗುತ್ತಿಗೆ ಕೊಡ್ತು, ಒಂದು ಜಾಫಾ ಕಡೆಗೆ, ಇನ್ನೊಂದು ಈ ಜೋರ್ಡಾನ್ ನದಿಗೆ. ತಮಾಷೆ ಏನಂದ್ರೆ ಬ್ರಿಟನ್‌ಗೆ ಪ್ಯಾಲೆಸ್ಟೈನ್ ಆಳೋ ಅಧಿಕಾರಕ್ಕೆ, ಅಂದ್ರೆ ಮ್ಯಾಂಡೇಟ್‌ಗೆ, ಲೀಗ್ ಆಫ್ ನೇಷನ್ಸ್ (ಆಗಿನ ವಿಶ್ವಸಂಸ್ಥೆ ಥರದ್ದು) ಒಪ್ಪಿದ್ದೇ 1922ರಲ್ಲಿ, ಅಂದ್ರೆ ಮನೆ ಇನ್ನೂ ತಮ್ಮ ಹೆಸರಿಗೆ ಆಗೋ ಮುಂಚೆನೇ ಬಾಡಿಗೆಗೆ ಕೊಟ್ಟಂಗೆ. ಲಂಡನ್ ಪಾರ್ಲಿಮೆಂಟಲ್ಲಿ ಗಲಾಟೆ ಆಯ್ತು, ಟೆಂಡರ್ ಇಲ್ದೆ ಒಬ್ಬನಿಗೇ ಹೇಗೆ ಕೊಟ್ರಿ ಅಂತ. ಕಾಲೋನಿಯಲ್ ಸೆಕ್ರೆಟರಿ, ಅಂದ್ರೆ ವಸಾಹತುಗಳ ಮಂತ್ರಿ ಆಗಿದ್ದ ಚರ್ಚಿಲ್ ಎದ್ದು ನಿಂತು, ಲಾಭಕ್ಕೆ ಮಿತಿ ಹಾಕಿದೀವಿ, ಸರ್ಕಾರದ ಹಿಡಿತ ಇದೆ ಅಂತೆಲ್ಲ ಸಮರ್ಥಿಸ್ಕೊಂಡ್ರು.

ಹಿಡಿತ ಹೇಗಿತ್ತು ನೋಡಿ. ಮೊದಲ ಗುತ್ತಿಗೆ ಜಾಫಾ ಹತ್ರದ ಔಜಾ ನದಿ ನೀರಿಂದ ಕರೆಂಟ್ ತೆಗೆಯೋಕೆ, ಆದ್ರೆ 1923ರಲ್ಲಿ ಟೆಲ್ ಅವೀವ್‌ಗೆ ಲೈಟ್ ಬಂದಿದ್ದು ಡೀಸೆಲ್ ಎಂಜಿನ್‌ನಿಂದ. ಸರ್ಕಾರ? ಹೂಂ ಅಂತು ಅಷ್ಟೇ. ಇನ್ನು ಜೆರುಸಲೇಮಲ್ಲಿ ಮಾವ್ರೊಮ್ಮಾಟಿಸ್ ಅನ್ನೋ ಗ್ರೀಕ್ ಪ್ರಜೆ ಹತ್ರ ತುರ್ಕರ ಕಾಲದ, 1914ರ ಕರೆಂಟ್ ಗುತ್ತಿಗೆ ಇತ್ತು, ಅದನ್ನ ರದ್ದು ಮಾಡ್ಸೋ ಅವಕಾಶ ರುಟೆನ್‌ಬರ್ಗ್ ಗುತ್ತಿಗೆ ಪತ್ರದಲ್ಲಿ ಬ್ರಿಟಿಷರೇ ಬರ್ದುಕೊಟ್ಟಿದ್ರು. ಗ್ರೀಸ್ ದೇಶ ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಿಗೆ ಹೋಯ್ತು, 1925ರಲ್ಲಿ ತೀರ್ಪು ಬಂತು: ಬ್ರಿಟನ್ ಮಾಡಿದ್ದು ತಪ್ಪು, ಆದ್ರೆ ನಷ್ಟ ಆಗಿಲ್ಲ, ಪರಿಹಾರ ಇಲ್ಲ. ಕೋರ್ಟು ಕಚೇರಿ ಅಂದ್ರೆ ಎಲ್ಲಾ ಕಡೆನೂ ಇಷ್ಟೇ ಅನ್ಸತ್ತೆ!

ಎರಡನೇದು, ಈ ಜೋರ್ಡಾನ್ ನದಿ ಗುತ್ತಿಗೆ, ಪಕ್ಕಾ ಆಗಿದ್ದು 1926ರಲ್ಲಿ, 70 ವರ್ಷಕ್ಕೆ. ನಂಗೆ ಸಿಟ್ಟು ಬರೋದು ಇಲ್ಲೇ. ಕಟ್ಟಡ ನಿಂತಿದ್ದು ಟ್ರಾನ್ಸ್‌ಜೋರ್ಡಾನ್ (ಈಗಿನ ಜೋರ್ಡಾನ್ ದೇಶ) ನೆಲದಲ್ಲಿ, ಕರೆಂಟ್ ಹೆಚ್ಚಾಗಿ ಹೋಗಿದ್ದು ಈ ಕಡೆ ಪ್ಯಾಲೆಸ್ಟೈನ್ ಊರುಗಳಿಗೆ, ಯರ್ಮೂಕ್ ನೀರಿನ ಮೇಲಿನ ಹಕ್ಕೂ ರುಟೆನ್‌ಬರ್ಗ್ ಕಂಪನಿದೇ, ಹಂಗಿದ್ಮೇಲೆ ಆ ಕಡೆ ರೈತ ನೀರಾವರಿ ಕೇಳಿದ್ರೆ ಯಾರು ಕೊಡ್ತಾರೆ. ಲಾಭಕ್ಕೆ ಮಿತಿ ಹಾಕೋರಿಗೆ ಇದೊಂದು ಹೊಳೀಲಿಲ್ವಾ?

1932ರ ಜೂನಲ್ಲಿ ಉದ್ಘಾಟನೆ, ಆಗ ಟ್ರಾನ್ಸ್‌ಜೋರ್ಡಾನ್ ಆಳ್ತಿದ್ದ ಎಮಿರ್ ಅಬ್ದುಲ್ಲಾನೂ ಬಂದಿದ್ರು. ಮೂರು ಟರ್ಬೈನ್, 18 ಮೆಗಾವಾಟ್. ಓಡಿದ್ದು ಬರೀ 16 ವರ್ಷ, 1948ರ ಯುದ್ಧದಲ್ಲಿ ನಿಂತಿದ್ದು ಮತ್ತೆ ಶುರುವಾಗ್ಲೇ ಇಲ್ಲ. ಆಮೇಲೆ 1994ರ ಇಸ್ರೇಲ್-ಜೋರ್ಡಾನ್ ಶಾಂತಿ ಒಪ್ಪಂದದಲ್ಲಿ ಇದೇ ಜಾಗಕ್ಕೆ ಬೇರೆ 25 ವರ್ಷದ ವಿಶೇಷ ವ್ಯವಸ್ಥೆ ಮಾಡಿದ್ರು, ನೆಲ ಜೋರ್ಡಾನ್‌ದೇ ಆದ್ರೂ ಈ ಕಡೆಯವ್ರು ಒಳಗೆ ಬರ್ಬಹುದು ಅಂತ, 2019ರಲ್ಲಿ ಅದನ್ನ ಮುಂದುವರಿಸಲ್ಲ ಅಂತ ನಿಲ್ಲಿಸಿದ್ದು ಆ ಎಮಿರ್ ಮರಿಮೊಮ್ಮಗ, ಈಗಿನ ರಾಜ. ಹಾಗಾಗಿ ಗೇಟಿಗೆ ಬೀಗ, ಇಲ್ಲಿಂದ ಮುಂದೆ ನಮ್ಗೂ ಎಂಟ್ರಿ ಇಲ್ಲ.