ಕಲ್ಲು ತಂದವರ ಮೇಜು
(ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ಬಾಗಲಕೋಟೆಯಲ್ಲಿ ನೀಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೆ, ಅಧ್ಯಾಪಕ ಮಿತ್ರರೆ, ಸುತ್ತಲಿನ ಪ್ರೌಢಶಾಲೆಗಳಿಂದ ಬಂದಿರುವ ಗುರುಗಳೆ ಮತ್ತು ವಿದ್ಯಾರ್ಥಿಗಳೆ,

1928ರ ಫೆಬ್ರುವರಿ 28ರಂದು ಸಿ. ವಿ. ರಾಮನ್ ಅವರು ಏನನ್ನು ಕಂಡುಕೊಂಡರೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ರಾಮನ್ ಅವರಿಗೆ ಹರಳು, ಖನಿಜಗಳ ಹುಚ್ಚು ಎಷ್ಟಿತ್ತೆಂಬುದು ಮಾತ್ರ ಕೆಲವರಿಗಷ್ಟೇ ಗೊತ್ತು. ಅವರು ಆಸೆಪಟ್ಟು ಕೂಡಿಸಿದ ಕಲ್ಲುಗಳು ಬೆಂಗಳೂರಿನಲ್ಲಿ ಅವರೇ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಇವೆ. ಹೀಗಾಗಿ ವಿಜ್ಞಾನ ದಿನದಂದು ಭೂವಿಜ್ಞಾನ ಸಂಗ್ರಹಾಲಯದ ಮಾತು ಎತ್ತಿದರೆ ಅದು ಹೊರಗಿನ ವಿಷಯವಾಗಲಾರದು.

ನಾನು ಬಹಳ ವರ್ಷ ಇಂಥದೊಂದು ಸಂಗ್ರಹಾಲಯದ ಕೀಲಿಕೈ ಇಟ್ಟುಕೊಂಡಿದ್ದವನು. ಭೂವಿಜ್ಞಾನ ವಿಭಾಗದ ಕೊನೆಯ ಕೋಣೆ, ಗೋಡೆಗುಂಟ ಗಾಜಿನ ಕಪಾಟುಗಳು, ಒಳಗೆ ಸಾಲಾಗಿ ಕಲ್ಲುಗಳು, ಪ್ರತಿ ಕಲ್ಲಿನ ಕೆಳಗೆ ಟೈಪು ಮಾಡಿದ ಇಂಗ್ಲಿಷ್ ಚೀಟಿ. ಪರೀಕ್ಷೆಯ ಹೊತ್ತಿಗೆ ವಿದ್ಯಾರ್ಥಿಗಳು ಬರುತ್ತಿದ್ದರು, ತಪಾಸಣಾ ಸಮಿತಿ ಬಂದಾಗ ಧೂಳು ಹೊಡೆಸುತ್ತಿದ್ದೆವು, ವರ್ಷಕ್ಕೊಮ್ಮೆ ಈ ದಿನ ಊರಿನವರಿಗೆಂದು ಬೀಗ ತೆಗೆಯುತ್ತಿದ್ದೆವು. ಊರಿನವರು ಬಂದು, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, ಹತ್ತು ನಿಮಿಷದಲ್ಲಿ ಹೊರಗೆ ಹೋಗುತ್ತಿದ್ದರು. ತಪ್ಪು ಅವರದೆಂದೇ ನಾನು ಬಹುಕಾಲ ತಿಳಿದುಕೊಂಡಿದ್ದೆ.

ಸಂಗ್ರಹಾಲಯಕ್ಕೆ ಜನ ಬರಬೇಕಾದರೆ ಕಪಾಟಿಗಿಂತ ಮೊದಲು ಬಾಗಿಲ ಬಳಿ ಒಂದು ಮೇಜು ಬೇಕು, ಮೇಜಿನ ಹಿಂದೆ ಒಬ್ಬ ಮನುಷ್ಯ ಬೇಕು. ಇಂದು ನಾನು ಹೇಳಲು ಬಂದಿರುವುದು ಇಷ್ಟೆ. ಇದು ಹೊಸ ವಿಚಾರವೇನೂ ಅಲ್ಲ. ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬ ವೈದ್ಯ ತಾನು ಕೂಡಿಹಾಕಿದ ಪಳೆಯುಳಿಕೆ, ಖನಿಜಗಳ ಭಂಡಾರವನ್ನು 1728ರಲ್ಲಿ ತೀರಿಕೊಂಡಾಗ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ. ಕಲ್ಲುಗಳ ಜೊತೆ ಒಬ್ಬ ಉಪನ್ಯಾಸಕನನ್ನೂ ನೇಮಿಸಬೇಕು, ಅವನು ವಾರಕ್ಕೆ ಮೂರು ದಿನ ಗೊತ್ತುಮಾಡಿದ ಹೊತ್ತಿಗೆ ಆ ಕೋಣೆಯಲ್ಲಿದ್ದು, ತಿಳಿಯಬೇಕೆಂದು ಬಂದವರಿಗೆ ದುಡ್ಡು ತೆಗೆದುಕೊಳ್ಳದೆ ಕಲ್ಲುಗಳನ್ನು ತೋರಿಸಬೇಕು ಎಂದು ಉಯಿಲಿನಲ್ಲೇ ಬರೆಸಿದ್ದ. (ಆ ಉಪನ್ಯಾಸಕ ಮದುವೆಯಾಗಿರಬಾರದು ಎಂಬ ಷರತ್ತೂ ಇತ್ತು, ಅದನ್ನು ನಾವು ಪಾಲಿಸಬೇಕಾಗಿಲ್ಲ.) ಆ ಭಂಡಾರ ಇಂದು ಕೇಂಬ್ರಿಜ್ಜಿನ ಸೆಜ್‌ವಿಕ್ ಸಂಗ್ರಹಾಲಯದಲ್ಲಿದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಗ್ರಹಾಲಯ 1872ರಲ್ಲಿ ಆರಂಭವಾದದ್ದು. ಅಲ್ಲಿಯೂ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆದು ಉಪನ್ಯಾಸ, ಮಕ್ಕಳ ಚಟುವಟಿಕೆ, ಖನಿಜಗಳ ಮಾರಾಟ ಎಲ್ಲವನ್ನೂ ಏರ್ಪಡಿಸುವ ರೂಢಿ ಇದೆ. ನಮಗೆ ಬೇಕಾದದ್ದು ಅವರ ಕಟ್ಟಡವಲ್ಲ, ಗೊತ್ತಾದ ಹೊತ್ತಿಗೆ ಗೊತ್ತಾದ ಮನುಷ್ಯ ಸಿಗುತ್ತಾನೆ ಎಂಬ ಭರವಸೆ.

ಇನ್ನು ನಮ್ಮ ನೆಲದ ಮಾತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ಮೂರು ಜಿಲ್ಲೆಗಳಲ್ಲಿ ಒಂದು ದಿನ ಬಸ್ಸಿನಲ್ಲಿ ಓಡಾಡಿದವನು ಸುಮಾರು 250 ಕೋಟಿ ವರ್ಷಗಳನ್ನು ದಾಟಿ ಬಂದಂತಾಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಬಹಳ ಹಳೆಯದು. ಅದರ ನಂತರದ್ದು ಕಲಾದಗಿ ಶ್ರೇಣಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಬಗೆಗಿನ ತಮ್ಮ ವರದಿಯನ್ನು 1876ರಲ್ಲಿ ಪ್ರಕಟಿಸಿದಂದಿನಿಂದ, ಹಣ್ಣಿನ ತೋಟಗಳಿಗೆ ಹೆಸರಾದ ನಮ್ಮ ಕಲಾದಗಿಯ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿಕೊಂಡಿದೆ. ಬಾಗಲಕೋಟೆ, ಲೋಕಾಪುರ ಕಡೆಯ ಸುಣ್ಣದಕಲ್ಲು, ಡಾಲಮೈಟು, ಗಟ್ಟಿ ಬೆಣಚು ಮರಳುಗಲ್ಲು ಇವೆಲ್ಲ ಆ ಶ್ರೇಣಿಯವು. ಇವುಗಳ ಪದರಗಳು ಮಡಿಕೆ ಬಿದ್ದು ಓರೆಯಾಗಿ ನಿಂತಿವೆ. ಇವುಗಳ ಮೇಲೆ, ಹಾಸಿಗೆ ಹಾಸಿದಂತೆ ಹೆಚ್ಚುಕಡಿಮೆ ಸಪಾಟಾಗಿ ಕುಳಿತಿರುವುದು ಬಾದಾಮಿಯ ಮರಳುಗಲ್ಲು. ಎಲ್ಲಕ್ಕಿಂತ ಕಿರಿಯದು ವಿಜಯಪುರ ಜಿಲ್ಲೆಯ ಬಹುಭಾಗವನ್ನೂ ಬೆಳಗಾವಿಯ ಉತ್ತರ ಭಾಗವನ್ನೂ ಮುಚ್ಚಿರುವ ಕರಿಕಲ್ಲು, ಎಂದರೆ ಬಸಾಲ್ಟು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ. 1656ರಲ್ಲಿ ಮುಗಿದ ಗೋಲಗುಂಬಜದ ಗೋಡೆಗೆ ಬಂದದ್ದು ಅದೇ ಕರಿಕಲ್ಲು; ನಮ್ಮ ಎರಿ ಹೊಲಗಳಲ್ಲಿ ಬಿಳಿಜೋಳ ಬೆಳೆಯುವುದು ಅದೇ ಕಲ್ಲು ಕರಗಿ ಆದ ಮಣ್ಣಿನಲ್ಲಿ.

ಮಣ್ಣಿಗೂ ಕಲ್ಲಿಗೂ ನಮ್ಮ ಜನ ಹೇಳುವ ಈ ಹೆಸರುಗಳನ್ನು ಗಮನಿಸಿ. ಎರಿ, ಮಸಾರಿ, ಗರಸು, ಕರಿಕಲ್ಲು, ಫರ್ಸಿ, ಬೆಣಚು, ಕಾವಿಕಲ್ಲು. ಭಾವಿ ತೋಡಿಸಿದ ರೈತನಿಗೆ ಎಷ್ಟು ಮೊಳ ಎರಿ ಹೋದ ಮೇಲೆ ಗರಸು ಹತ್ತಿತು, ಅದರ ಕೆಳಗೆ ಎಲ್ಲಿ ಕಲ್ಲು ತಾಗಿತು ಎಂಬುದು ಬಾಯಲ್ಲೇ ಇರುತ್ತದೆ. ಇಷ್ಟು ತಿಳಿದವನನ್ನು ಕರೆತಂದು, ಅವನು ಓದಲಾರದ ಚೀಟಿಯ ಮುಂದೆ ನಿಲ್ಲಿಸಿ, ಇವನಿಗೆ ಆಸಕ್ತಿಯಿಲ್ಲ ಎಂದು ನಾವು ಹೇಳುತ್ತ ಬಂದೆವು.

ನನ್ನ ಕಣ್ಣು ತೆರೆಸಿದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಥದ್ದೇ ಒಂದು ಮುಕ್ತ ದಿನ, ಮೊಮ್ಮಗನ ಕೈ ಹಿಡಿದುಕೊಂಡು ಒಬ್ಬ ಮುದುಕರು ಬಂದಿದ್ದರು. ಹರೆಯದಲ್ಲಿ ಸುಣ್ಣದ ಭಟ್ಟಿ ಹಾಕುತ್ತಿದ್ದವರು. ಉಳಿದವರಂತೆ ಸುತ್ತು ಹಾಕಿ ಹೋಗದೆ ಒಂದು ಕಪಾಟಿನ ಮುಂದೆ ನಿಂತೇಬಿಟ್ಟರು. ಅಲ್ಲಿದ್ದದ್ದು ಸುಣ್ಣದಕಲ್ಲು ಎಂದು ನಾನೇ ಚೀಟಿ ಬರೆದಿಟ್ಟಿದ್ದ ಬೂದು ಬಣ್ಣದ ಒಂದು ತುಂಡು.

"ಸರ, ಇದು ಸುಣ್ಣದ ಕಲ್ಲು ಅಲ್ರೀ," ಎಂದರು.

"ಹಂಗ್ಯಾಕ ಅಂತೀರಿ ಅಜ್ಜಾರ?"

"ಇದನ್ನ ಸುಟ್ರ ಸುಣ್ಣ ಸರಿಯಾಗಿ ಅರಳೂದಿಲ್ರೀ. ಮೈ ನೋಡ್ರಿ, ಆನಿ ತೊಗಲ ಇದ್ದಂಗ ಐತಿ."

ನನಗೆ ಒಳಗೊಳಗೆ ಸಿಟ್ಟು ಬಂದದ್ದು ನಿಜ. ಆದರೂ ಕಲ್ಲನ್ನು ಹೊರಗೆ ತೆಗೆದು, ಅದರ ಮೇಲೆ ಎರಡು ಹನಿ ತಿಳಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ನಿಜವಾದ ಸುಣ್ಣದಕಲ್ಲಾಗಿದ್ದರೆ ಕಡಾಯಿಗೆ ಬಿದ್ದ ಒಗ್ಗರಣೆಯಂತೆ ಬುರುಬುರು ನೊರೆಯೇಳಬೇಕಿತ್ತು. ಹನಿ ಸುಮ್ಮನೆ ಕುಳಿತಿತ್ತು. ಚಾಕುವಿನಿಂದ ಒಂದು ಕಡೆ ಕೆರೆದು ಪುಡಿ ಮಾಡಿ, ಆ ಪುಡಿಯ ಮೇಲೆ ಹನಿ ಬಿಟ್ಟಾಗ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಇದು ಡಾಲಮೈಟಿನ ಗುರುತು. ಅದರಲ್ಲಿ ಸುಣ್ಣದ ಜೊತೆ ಮೆಗ್ನೀಸಿಯಮ್ ಸೇರಿರುತ್ತದೆ, ತಣ್ಣನೆಯ ತಿಳಿ ಆಮ್ಲಕ್ಕೆ ಅದು ಸುಲಭವಾಗಿ ಕರಗುವುದಿಲ್ಲ, ಸುಟ್ಟರೂ ಅದರ ಸುಣ್ಣ ನೀರಿನಲ್ಲಿ ಮೆಲ್ಲಗೆ, ಅರೆಬರೆಯಾಗಿ ಅರಳುತ್ತದೆ. ಗಾಳಿ ಮಳೆಗೆ ಸವೆದ ಡಾಲಮೈಟಿನ ಮೈಯಲ್ಲಿ ಅಡ್ಡಾದಿಡ್ಡಿ ಗೀರುಗಳು ಬೀಳುತ್ತವೆ. ಅದನ್ನು ನಮ್ಮ ಪಠ್ಯಗಳೂ ಆನೆಯ ಚರ್ಮಕ್ಕೇ ಹೋಲಿಸುತ್ತವೆ. ಆ ಪಠ್ಯಗಳನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಕಲ್ಲನ್ನು ಗುರುತಿಸಿದವರು ಅವರು. ಅಂದೇ ಆ ಚೀಟಿಯನ್ನು ಹೊಡೆದುಹಾಕಿ, ಅದರ ಮೇಲೆಯೇ ಮಸಿಯಲ್ಲಿ ಕನ್ನಡದಲ್ಲಿ ತಿದ್ದಿ ಬರೆದೆ.

ಆ ನಂತರವೇ ನಾವು ಬಾಗಿಲ ಬಳಿ ಮೇಜು ಹಾಕಿದ್ದು. 'ನಿಮ್ಮ ಹೊಲದ ಕಲ್ಲು ತನ್ನಿ' ಎಂದು ಬರೆದು ಅಂಟಿಸಿದೆವು, ಜನ ತಂದರು. ಬೋರು ಕೊರೆಸಿದವರು ಬೂದುಬಣ್ಣದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ತಂದರು. ಕರಿಕಲ್ಲಿನ ಗೂಡುಗಳಲ್ಲಿ ಬೆಳೆದ ಬಿಳಿ ಹರಳುಗಳನ್ನು ತಂದವರು ಬಾಗಿಲು ಹಾಕಿ ಮಾತಾಡೋಣ ಎನ್ನುತ್ತಿದ್ದರು, ಅವು ವಜ್ರವಿರಬಹುದೆಂಬ ಆಸೆಯಿಂದ. ಅವು ಸಾಮಾನ್ಯವಾಗಿ ಸ್ಫಟಿಕ ಇಲ್ಲವೆ ಜಿಯೊಲೈಟು ಎಂಬ ಖನಿಜ. ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಇಟ್ಟುಕೊಳ್ಳಬೇಕು: ಕಲ್ಲು ಯಾವುದೆಂದು ಹೇಳಬೇಕು, ಬೆಲೆ ಎಷ್ಟೆಂದು ಎಂದೂ ಹೇಳಬಾರದು. ಬೆಲೆ ಹೇಳಲು ಶುರುಮಾಡಿದ ದಿನ ಮೇಜು ಅಂಗಡಿಯಾಗುತ್ತದೆ, ನಮ್ಮ ಮಾತಿನ ಮೇಲೆ ಜನ ಜಗಳಕ್ಕೂ ಬರುತ್ತಾರೆ. ಇನ್ನೊಂದು ನಿಯಮವೆಂದರೆ ಕಲ್ಲು ತಂದವರ ಊರು, ಹೊಲ ಇಲ್ಲವೆ ಭಾವಿ, ಎಷ್ಟು ಆಳ ಎಂಬುದನ್ನು ಅವರ ಎದುರಿಗೇ ವಹಿಯಲ್ಲಿ ಬರೆದುಕೊಳ್ಳುವುದು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಲ್ಲು ಎಷ್ಟು ಚೆಂದವಿದ್ದರೂ ವಿಜ್ಞಾನಕ್ಕೆ ಅನಾಥವೇ. ನಮ್ಮ ಕಪಾಟುಗಳಲ್ಲಿ ಅಂಥ ಅನಾಥ ಕಲ್ಲುಗಳು ಎಷ್ಟಿವೆಯೆಂದು ಎಣಿಸಿದರೆ ನಾಚಿಕೆಯಾಗುತ್ತದೆ.

ಮನೆಯ ಕಲ್ಲುಗಳ ಪ್ರದರ್ಶನವನ್ನೂ ಒಮ್ಮೆ ಮಾಡಿ ನೋಡಬೇಕು. ಒಳಕಲ್ಲು, ಬೀಸುಕಲ್ಲು, ಖಾರ ಅರೆಯುವ ಕಲ್ಲು ಯಾವ ಶಿಲೆಯವು, ಜೋಳ ಬೀಸಲು ಯಾವ ಕಲ್ಲನ್ನು ಏಕೆ ಆರಿಸಿದರು, ಸವೆದ ಮೇಲೆ ಉಳಿ ಹೊಡೆಸುವುದು ಏಕೆ ಎಂದು ಕೇಳಿದರೆ ಮನೆಯ ಹೆಣ್ಣುಮಕ್ಕಳು ಹೇಳುವಷ್ಟನ್ನು ನಾವು ಹೇಳಲಾರೆವು. ಬಾಗಲಕೋಟೆಯಲ್ಲಿ ಇದಕ್ಕೆ ಇನ್ನೊಂದು ಅರ್ಥವಿದೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಬಂದ ಮನೆಗಳಲ್ಲಿ, ಮುಳುಗಡೆಯಾದ ಮನೆಯಿಂದ ಕಿತ್ತು ತಂದ ಒಳಕಲ್ಲೊಂದು ಹಿತ್ತಲಲ್ಲಿ ಬಿದ್ದಿರಬಹುದು.

ಶಾಲೆಯ ಮಕ್ಕಳ ವಿಷಯದಲ್ಲಿ ಗುರುಗಳ ಬಳಿ ನನ್ನ ತಕರಾರು ಒಂದೇ: ನೂರು ಮಕ್ಕಳನ್ನು ಸಾಲು ಹಚ್ಚಿ ಕರೆತರಬೇಡಿ. ನಲವತ್ತು ಮಕ್ಕಳು ಬಂದರೆ ಎಂಟೆಂಟರ ಐದು ಗುಂಪು ಮಾಡಿ, ಪ್ರತಿ ಗುಂಪಿಗೆ ನಾಲ್ಕೈದು ಕಲ್ಲು, ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಬಚ್ಚಲಮನೆಗೆ ಹಚ್ಚುವ ಟೈಲಿನ ಒಂದು ತುಂಡು ಕೊಟ್ಟರೆ ಸಾಕು. ಟೈಲಿನ ನುಣುಪಾದ ಮೈ ಬೇಡ, ಹಿಂಬದಿಯ ಒರಟು ಮೈ ಬೇಕು. ಹುನಗುಂದದ ಕಡೆಯ ಕಪ್ಪಗೆ ಉಕ್ಕಿನಂತೆ ಹೊಳೆಯುವ ಕಬ್ಬಿಣದ ಅದಿರನ್ನು ಅದರ ಮೇಲೆ ಗೀಚಿದರೆ, ಕಪ್ಪು ಕಲ್ಲಿನಿಂದ ಕಾವಿ ಬಣ್ಣದ ಗೆರೆ ಮೂಡುತ್ತದೆ. ಅದನ್ನು ನೋಡಿ 'ಮತ್ತೊಮ್ಮೆ' ಎನ್ನದ ಮಗುವನ್ನು ನಾನು ಇದುವರೆಗೆ ಕಂಡಿಲ್ಲ. ಆಮ್ಲದ ಪರೀಕ್ಷೆಯನ್ನು ಮಾತ್ರ ದೊಡ್ಡವರೇ ಮಾಡಿ ತೋರಿಸಬೇಕು.

ಕಾಲದ ಅಳತೆಯನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಅದಕ್ಕೆ ಹಗ್ಗ ಬೇಕು. ಭೂಮಿಗೆ ಸುಮಾರು 460 ಕೋಟಿ ವರ್ಷ. 46 ಮೀಟರು ಹಗ್ಗವನ್ನು ಮೈದಾನದಲ್ಲಿ ಹಾಸಿದರೆ ಒಂದು ಮೀಟರಿಗೆ ಹತ್ತು ಕೋಟಿ ವರ್ಷವಾಯಿತು. ಇಂದಿನ ತುದಿಯಿಂದ 25 ಮೀಟರು ಹಿಂದಕ್ಕೆ ಇಳಕಲ್ಲಿನ ಗ್ರಾನೈಟಿನ ಚೂರು ಇಡಿ. ವಿಜಯಪುರದ ಕರಿಕಲ್ಲನ್ನು ತುದಿಯಿಂದ 66 ಸೆಂಟಿಮೀಟರಿನಲ್ಲಿ, ಒಂದೂವರೆ ಮೊಳದಷ್ಟು ದೂರದಲ್ಲಿ ಇಡಿ. ಆಮೇಲೆ ಬಾದಾಮಿಯ ಮೂರನೆಯ ಗುಹೆ ಎಲ್ಲಿ ಬರುತ್ತದೆಂದು ಕೇಳಿ. ಮಂಗಳೇಶನ ಶಾಸನದ ಪ್ರಕಾರ ಅದು ಕ್ರಿ.ಶ. 578ರದು, ಈ ಹಗ್ಗದಲ್ಲಿ ಅದರ ಜಾಗ ತುದಿಯಿಂದ ಒಂದು ಕೂದಲೆಳೆಯ ದಪ್ಪದಷ್ಟೂ ಇಲ್ಲ.

ಬಾದಾಮಿಗೆ ಪ್ರವಾಸ ಹೋದವರು ಶಿಲ್ಪಗಳನ್ನು ನೋಡಿ ಬರುತ್ತಾರೆ. ಶಿಲ್ಪವನ್ನು ಕೊರೆದ ಬಂಡೆಯನ್ನು ನೋಡುವವರು ಇಲ್ಲ. ಸಂಗ್ರಹಾಲಯದ ವತಿಯಿಂದ ಚಳಿಗಾಲದಲ್ಲಿ, ಬಿಸಿಲು ಏರುವ ಮೊದಲು, ವರ್ಷಕ್ಕೆ ಎರಡು ಸಲವಾದರೂ ಒಂದು ಬಂಡೆ ನಡಿಗೆ ನಡೆಯಬೇಕು. ಗುಹೆಗಳ ಗೋಡೆಯಲ್ಲಿ ಓರೆ ಓರೆಯಾಗಿ ಕೂಡಿದ ಗೆರೆಗಳಿವೆ. ನೀರು ಮರಳನ್ನು ತಳ್ಳಿ ತಂದು ಸುರಿದ ಗುರುತು ಅದು, ಗೆರೆ ಬಾಗಿದ ಕಡೆಗೆ ಆ ನೀರು ಹರಿಯುತ್ತಿತ್ತು. ಅದಕ್ಕೂ ದೊಡ್ಡ ಪಾಠವೆಂದರೆ ಕಲಾದಗಿಯ ಓರೆ ಪದರಗಳು ಮುಗಿದು ಬಾದಾಮಿಯ ಸಪಾಟು ಪದರ ಶುರುವಾಗುವ ಜಾಗ. ಕೆಳಗಿನ ಪದರ ಕಟ್ಟಿತು, ಮಡಿಕೆ ಬಿತ್ತು, ಮೇಲೆದ್ದಿತು, ಸವೆದು ಸಪಾಟಾಯಿತು. ಇಷ್ಟೆಲ್ಲ ಆದ ಮೇಲೆ ಅದರ ಮೇಲೆ ಹೊಸ ಮರಳು ಕುಳಿತಿತು. ನಡುವಿನ ಕೋಟ್ಯಂತರ ವರ್ಷಗಳ ಲೆಕ್ಕ ಅಲ್ಲಿ ಒಂದು ಗೆರೆಯಲ್ಲಿ ಅಡಗಿದೆ, ಆ ಗೆರೆಯ ಮೇಲೆ ಕೈ ಇಡಬಹುದು. ಸುತ್ತಿಗೆ ಮಾತ್ರ ಸಂಗ್ರಹಾಲಯದಲ್ಲೇ ಬಿಟ್ಟುಬರಬೇಕು. ಸಂರಕ್ಷಿತ ಸ್ಮಾರಕದ ಬಂಡೆಯಿಂದ ಚೂರು ಮುರಿಯುವುದು ಅಪರಾಧ, ಅದನ್ನು ಎಲ್ಲರಿಗಿಂತ ಮೊದಲು ನಮ್ಮ ವಿದ್ಯಾರ್ಥಿಗಳಿಗೇ ಹೇಳಬೇಕಾಗುತ್ತದೆ.

ಬೆಳಗಾವಿಯ ಮಿತ್ರರಿಗೂ ಒಂದು ಮಾತು. ಗೋಕಾಕದ ಜಲಪಾತಕ್ಕೆ ಹೋದವರು ಘಟಪ್ರಭೆ 52 ಮೀಟರು ಧುಮುಕುವುದನ್ನು ನೋಡಿ, ಕರದಂಟು ಕಟ್ಟಿಸಿಕೊಂಡು ಬರುತ್ತಾರೆ. ಅದೇ ಗೋಕಾಕದ ಹತ್ತಿರ ಸಿಕ್ಕ ಎಲುಬುಗಳನ್ನು ಪರಿಶೀಲಿಸಿ ಫೂಟ್ ಅವರು 1874ರಲ್ಲಿ ಘೇಂಡಾಮೃಗದ ಒಂದು ಪಳೆಯುಳಿಕೆಯನ್ನು ವರ್ಣಿಸಿದರು. ಅದಕ್ಕೆ 'ರೈನಾಸರಸ್ ಡೆಕ್ಕನೆನ್ಸಿಸ್' ಎಂದು ದಖ್ಖನ್ನಿನ ಹೆಸರನ್ನೇ ಇಟ್ಟರು. ಘಟಪ್ರಭೆಯ ದಂಡೆಯಲ್ಲಿ ಘೇಂಡಾಮೃಗ ಅಡ್ಡಾಡುತ್ತಿತ್ತೆಂದು ಗೋಕಾಕದ ಎಷ್ಟು ಮಕ್ಕಳಿಗೆ ಗೊತ್ತಿದೆ? ಒಂದು ಸಂಜೆಯ ಉಪನ್ಯಾಸಕ್ಕೆ, ಒಂದು ಚಿತ್ರಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯವನ್ನು ಹೊರಗಿನಿಂದ ತರಿಸಬೇಕಾಗಿಲ್ಲ.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಈವರೆಗೆ ಹೇಳಿದ್ದಕ್ಕೆ ಹಗ್ಗ, ಟೈಲು, ಒಂದು ವಹಿ, ಕನ್ನಡದಲ್ಲಿ ಬರೆದ ಚೀಟಿಗಳು ಸಾಕು. ಕಷ್ಟದ್ದು ಹೊತ್ತು. ತಿಂಗಳಿಗೊಂದು ಶನಿವಾರ, ಹತ್ತರಿಂದ ಒಂದು ಗಂಟೆಯವರೆಗೆ ಎಂದು ಬೋರ್ಡು ಹಾಕಿದರೆ, ಯಾರೂ ಬಾರದಿದ್ದರೂ ಆ ಮೂರು ತಾಸು ಒಬ್ಬರು ಅಲ್ಲಿ ಕುಳಿತಿರಲೇಬೇಕು. ಇಪ್ಪತ್ತು ಕಿಲೋಮೀಟರಿನಿಂದ ಚೀಲದಲ್ಲಿ ಕಲ್ಲು ಹೊತ್ತು ಬಂದವನು ಒಮ್ಮೆ ಬೀಗ ನೋಡಿ ಹಿಂದಿರುಗಿದರೆ ಅವನು ಮತ್ತೆ ಬರುವುದಿಲ್ಲ, ಅವನ ಊರಿನವರೂ ಬರುವುದಿಲ್ಲ.

ಇಂದು ಹೊರಗಿನ ಮೇಜಿನ ಮೇಲೆ ಎರಡು ಬೂದು ಕಲ್ಲುಗಳನ್ನು ಇಟ್ಟಿದ್ದೇವೆ; ಒಂದು ಸುಣ್ಣದಕಲ್ಲು, ಇನ್ನೊಂದು ಆ ಅಜ್ಜ ಗುರುತಿಸಿದ ಡಾಲಮೈಟು. ಅದರ ತಿದ್ದಿದ ಚೀಟಿಯನ್ನು ಬೋರಲು ಹಾಕಿದ್ದೇವೆ. ಆಮ್ಲದ ಬಾಟಲಿ ನಮ್ಮ ವಿಭಾಗದ ವಿದ್ಯಾರ್ಥಿಗಳ ಕೈಯಲ್ಲಿದೆ, ಅದನ್ನು ತೆರೆಯುವ ಮೊದಲು ಬರಿಗಣ್ಣಿನಿಂದ ಯಾವುದು ಯಾವುದೆಂದು ಹೇಳಿ ನೋಡಿ. ಇಷ್ಟು ಹೊತ್ತು ಕೇಳಿದ್ದಕ್ಕೆ ನಮಸ್ಕಾರ.