ಪುಸ್ತಕ ಮುಚ್ಚಿಟ್ಟು ಓದಿ

ಕೇಳುಗರಿಗೆ ನಮಸ್ಕಾರ. ಈ ವರ್ಷ ಹೊಸದಾಗಿ ಕಾಲೇಜಿಗೆ ಕಾಲಿಟ್ಟವರ ಹತ್ತಿರ ಇವತ್ತು ನಾಲ್ಕು ಮಾತು ಆಡೋಣ ಅಂತ ಬಂದಿದ್ದೇನೆ. ಧೈರ್ಯ ತುಂಬುವ ಭಾಷಣ ಈಗಾಗಲೇ ಸಾಕಷ್ಟು ಕೇಳಿರುತ್ತೀರಿ, ಅದನ್ನು ಬಿಡೋಣ.

ಶಾಲೆಯಲ್ಲಿ ಯಾರಾದರೂ ನಿಮ್ಮನ್ನು ಕೇಳುತ್ತಲೇ ಇರುತ್ತಾರೆ. ಹೋಂವರ್ಕ್ ಆಯ್ತಾ, ನಿನ್ನೆ ಯಾಕೆ ಬರಲಿಲ್ಲ, ಆ ಪಾಠ ಅರ್ಥವಾಯ್ತಾ ಅಂತ. ಕಾಲೇಜಿನಲ್ಲಿ ಹೀಗೆ ಕೇಳುವವರು ಕಡಿಮೆ. ಮೊದಮೊದಲು ಇದು ಖುಷಿಯೇ. ಕ್ಲಾಸ್ ತಪ್ಪಿಸಿದರೂ ಯಾರೂ ಬೈಯಲಿಲ್ಲ, ಅಸೈನ್‌ಮೆಂಟಿಗೆ ಇನ್ನೂ ತಿಂಗಳಿದೆ, ಆಮೇಲೆ ಮಾಡಿದರಾಯ್ತು ಅಂದುಕೊಂಡು ಆರಾಮವಾಗಿ ಇರುವಾಗಲೇ ಒಂದು ವಾರ ಬರುತ್ತದೆ, ಎರಡು ಟೆಸ್ಟು, ಒಂದು ಲ್ಯಾಬ್ ರೆಕಾರ್ಡು, ಒಂದು ಸೆಮಿನಾರು ಎಲ್ಲವೂ ಆ ಒಂದೇ ವಾರದಲ್ಲಿ!

ಅದಕ್ಕೇ ಮೊದಲ ವಾರದಲ್ಲೇ ಒಂದು ಗಂಟೆ ಕೂತು, ಎಲ್ಲ ವಿಷಯಗಳ ಸಿಲೆಬಸ್ ಮುಂದಿಟ್ಟುಕೊಂಡು, ಗೊತ್ತಿರುವ ದಿನಾಂಕಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ವಿಷಯಕ್ಕೊಂದು ಹಾಳೆ ಬೇಡ. ಒಂದೇ ಕಡೆ ಬರೆದಾಗ ಮಾತ್ರ ಯಾವ ವಾರ ಕುತ್ತಿಗೆಗೆ ಬರುತ್ತೆ ಅಂತ ಕಣ್ಣಿಗೆ ಕಾಣುತ್ತದೆ. ಯಾವುದಕ್ಕೆ ಎಷ್ಟು ಅಂಕ, ಹಾಜರಾತಿ ಎಷ್ಟಿರಬೇಕು ಅನ್ನುವುದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಸೀನಿಯರ್‌ಗಳ ಬಾಯಿಮಾತು ನಂಬಬೇಡಿ, ನಿಯಮ ವರ್ಷ ವರ್ಷ ಬದಲಾಗುತ್ತಿರುತ್ತದೆ.

ಇನ್ನು ಓದುವ ವಿಚಾರ. ನನ್ನ ಪ್ರಕಾರ ಹೊಸಬರು ಜಾಸ್ತಿ ಸೋಲುವುದು ಇಲ್ಲೇ, ಅದೂ ಕಷ್ಟಪಟ್ಟು ಓದುವವರೇ.

ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ವಿದ್ವಾಂಸರಿದ್ದರು. ಅರ್ಥವೇ ಇಲ್ಲದ ಅಕ್ಷರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು, 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಒಂದು ದಿನ ಕಳೆಯುವಷ್ಟರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾಯ. ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ ಬಿಡಿ. ಆದರೂ ಬಿಟ್ಟರೆ ಜಾರುತ್ತದೆ ಅನ್ನುವುದು ನಿಜ.

ಜಾರದಂತೆ ಹಿಡಿಯಲು ನಾವೆಲ್ಲ ಮಾಡುವುದೇನು? ಮತ್ತೆ ಮತ್ತೆ ಓದುತ್ತೇವೆ, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುತ್ತೇವೆ, ಪುಟವೆಲ್ಲ ಹಳದಿಯಾದರೆ ಬಹಳ ಓದಿದೆವು ಅನ್ನಿಸುತ್ತೆ ಅಲ್ವಾ? ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸುತ್ತು ಬರೀ ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಉಳಿದ ಮೂರು ಸುತ್ತು ಪಾಠ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 40, ಬರೆದವರಿಗೆ ಸುಮಾರು ಶೇಕಡಾ 61. ತಮಾಷೆ ಅಂದ್ರೆ, ನನಗೆ ಚೆನ್ನಾಗಿ ನೆನಪಿರುತ್ತೆ ಅನ್ನುವ ನಂಬಿಕೆ ಜಾಸ್ತಿ ಇದ್ದದ್ದು ಬರೀ ಓದಿದವರಿಗೇ.

ಪರೀಕ್ಷೆಯ ಹಿಂದಿನ ರಾತ್ರಿಯ ಓದು ಯಾಕೆ ಮೋಸ ಮಾಡುತ್ತೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಪುಟ ಕಣ್ಣಿಗೆ ಪರಿಚಯವಾಗಿರುತ್ತದೆ, ನಾವು ಅದನ್ನೇ ತಿಳಿವಳಿಕೆ ಅಂದುಕೊಳ್ಳುತ್ತೇವೆ.

ಹಾಗಾಗಿ ಕ್ಲಾಸ್ ಮುಗಿದ ದಿನವೇ ಸಂಜೆ ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ನೋಟ್ಸ್ ಮುಚ್ಚಿಡಿ. ಇವತ್ತು ಏನು ಹೇಳಿದರು ಅಂತ ಹತ್ತು ನಿಮಿಷ ಬರೆಯಿರಿ. ಮೊದಲ ಸಲ ಮೂರು ಸಾಲು ಬಂದರೆ ಹೆಚ್ಚು, ಬೇಜಾರೂ ಆಗುತ್ತೆ. ಪರವಾಗಿಲ್ಲ, ಹಾಗೆ ತಡಕಾಡುವುದೇ ಅಲ್ಲಿ ನಡೆಯಬೇಕಾದ ಕೆಲಸ. ಆಮೇಲೆ ನೋಟ್ಸ್ ತೆರೆದು ಬಿಟ್ಟುಹೋದದ್ದನ್ನು ಸೇರಿಸಿ. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ, ಮುಂದಿನ ವಾರ ಮತ್ತೊಮ್ಮೆ. ಲೆಕ್ಕದ ವಿಷಯವಾದರೆ ಬಿಡಿಸಿಟ್ಟ ಉತ್ತರವನ್ನು ಓದಿ ತಲೆಯಾಡಿಸಬೇಡಿ, ಅದನ್ನು ಮುಚ್ಚಿ ನೀವೇ ಬಿಡಿಸಿ. ಮನೆಯವರು ಕೇಳುತ್ತಿದ್ದರೆ ಅವರಿಗೂ ಹೇಳುತ್ತೇನೆ, ಎಷ್ಟು ಅಂಕ ಬಂತು ಅಂತ ಕೇಳುವ ಬದಲು ಇವತ್ತು ಏನು ಪಾಠ ಆಯ್ತು, ನನಗೂ ಸ್ವಲ್ಪ ಹೇಳು ಅನ್ನಿ. ನಿಮಗೆ ಅರ್ಥವಾಗದಿದ್ದರೂ ನಡೆಯುತ್ತದೆ, ಹೇಳುವವರಿಗೆ ಅದೇ ಅಭ್ಯಾಸವಾಗುತ್ತದೆ.

ನಿದ್ದೆ ಬಿಡಬೇಡಿ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ಅದೂ ಬೇಕು. ಓದುವಾಗ ಫೋನು ಬೇರೆ ಕೋಣೆಯಲ್ಲಿರಲಿ. ಇದು ನಿಮಗೆ ಗೊತ್ತಿರುವುದೇ, ಸುಮ್ನೆ ಎಳೆಯುವುದಿಲ್ಲ.

ಕೊನೆಯದಾಗಿ, ಮೇಷ್ಟ್ರ ಹತ್ತಿರ ಹೋಗುವುದು. ಹೊಸಬರಿಗೆ ಇದೇ ಭಯ, ದಡ್ಡ ಅಂದುಕೊಂಡರೆ ಏನು ಮಾಡುವುದು ಅಂತ. ಏನೂ ಅರ್ಥವಾಗಲಿಲ್ಲ ಸಾರ್ ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. ಈ ಲೆಕ್ಕದಲ್ಲಿ ಮೂರನೇ ಸಾಲಿನವರೆಗೂ ಬಂದೆ ಮೇಡಂ, ಇಲ್ಲಿಂದ ಮುಂದೆ ಹೇಗೆ ಅಂತ ಕೇಳಿ, ಐದು ನಿಮಿಷದಲ್ಲಿ ಕೆಲಸ ಆಗುತ್ತದೆ. ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದರೂ ಅಷ್ಟೇ, ಉತ್ತರಪತ್ರಿಕೆ ಬ್ಯಾಗಿನ ತಳ ಸೇರುವ ಮೊದಲು, ಆ ವಾರದೊಳಗೇ ಅದನ್ನು ಹಿಡಿದುಕೊಂಡು ಹೋಗಿ ಎಲ್ಲೆಲ್ಲಿ ಅಂಕ ಹೋಯಿತು ಅಂತ ಕೇಳಿಕೊಂಡು ಬನ್ನಿ. ನಮಸ್ಕಾರ.