ಬಾಲಿ: ಗದ್ದೆಗೆ ನೀರು ಬಿಡುವ ದೇವರು

ಅಧ್ಯಕ್ಷರೇ, ಗೆಳೆಯರೇ,

ಬಾಲಿಯ ಪ್ರೇಕ್ಷಣೀಯ ತಾಣಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ಹೇಳಿದ್ದಾರೆ. ತಾನಾ ಲಾಟ್‌ನ ಸೂರ್ಯಾಸ್ತ, ಉಲುವಾತು ಬಂಡೆಯ ತುದಿಯ ಗುಡಿ, ಅಲ್ಲಿ ಪ್ರವಾಸಿಗರ ಕನ್ನಡಕ ಕದಿಯುವ ಕೋತಿಗಳು, ಇವೆಲ್ಲ ನಿಮ್ಮ ಮೊಬೈಲುಗಳಲ್ಲಿ ಆಗಲೇ ಇವೆ. ನನ್ನ ತಕರಾರು ಬೇರೆ. ಅಲ್ಲಿನ ಪೂಜೆಗಳನ್ನು ನಾವು ಅಲಂಕಾರವೆಂದು ನೋಡಿ ಬರುತ್ತೇವೆ. ಅವು ಅಲ್ಲಿ ದುಡಿಯುತ್ತವೆ.

ಜಾತಿಲುವಿಹ್‌ನ ಮೆಟ್ಟಿಲು ಗದ್ದೆಗಳನ್ನೇ ನೋಡಿ. ಒಂದೇ ಕಾಲುವೆಯ ನೀರುಣ್ಣುವ ರೈತರ ಕೂಟಕ್ಕೆ ಅಲ್ಲಿ ಸುಬಕ್ ಎನ್ನುತ್ತಾರೆ. ಅದರ ಮುಖ್ಯಸ್ಥ ಪೆಕಾಸೆಹ್. ನಮ್ಮ ಕೆರೆಗಳಿಂದ ಗದ್ದೆಗಳಿಗೆ ಪಾಳಿಯಂತೆ ನೀರು ಬಿಡುವ ನೀರುಗಂಟಿಯನ್ನು ಬಲ್ಲವರಿಗೆ ಅವನ ಕೆಲಸವನ್ನು ವಿವರಿಸಬೇಕಿಲ್ಲ. ಆದರೆ ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವುದು ಗದ್ದೆಯನ್ನು ಬೀಳು ಬಿಡಬೇಕು ಎಂಬುದು ನೀರಿನ ದೇವಾಲಯಗಳಲ್ಲಿ ಸಭೆ ಸೇರಿ ತೀರ್ಮಾನವಾಗುತ್ತದೆ. ಎಲ್ಲದಕ್ಕೂ ಮೇಲೆ, ಬಾತೂರ್ ಜ್ವಾಲಾಮುಖಿಯ ಅಂಚಿನಲ್ಲಿ, ಸರೋವರದೇವಿ ದೇವಿ ದಾನುವಿನ ಗುಡಿಯಿದೆ.

ಇಲ್ಲಿ ಒಂದು ಕಥೆ ಹೇಳಲೇಬೇಕು. ಅಧ್ಯಕ್ಷರು ಗಡಿಯಾರ ನೋಡದಿರಲಿ. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಾಲಿಗೂ ಬಂತು. ಹೊಸ ತಳಿಯ ಬೀಜ, ಗೊಬ್ಬರ, ಕೀಟನಾಶಕ ಬಂದವು. ಸಾಧ್ಯವಾದಷ್ಟು ಸಲ ಬೆಳೆ ತೆಗೆಯಿರಿ, ಗುಡಿಯ ಪಂಚಾಂಗ ಬದಿಗಿಡಿ ಎಂದು ರೈತರಿಗೆ ಉಪದೇಶವಾಯಿತು. ಮೊದಲು ಬೆಳೆ ಹೆಚ್ಚಿತು. ಆಮೇಲೆ ನೀರಿನ ಜಗಳ, ಇಲಿ, ಕಂದು ಜಿಗಿಹುಳು! ಹುಳುವಿಗೇನು, ಈ ಗದ್ದೆ ಕೊಯ್ದರೆ ಪಕ್ಕದ ಗದ್ದೆಯಲ್ಲಿ ಊಟ ಸಿದ್ಧ. ಹಳೆಯ ಕ್ರಮದಲ್ಲಿ ಅಕ್ಕಪಕ್ಕದ ಸುಬಕ್‌ಗಳೆಲ್ಲ ಒಟ್ಟಿಗೆ ಗದ್ದೆ ಬೀಳು ಬಿಡುತ್ತಿದ್ದವು. ಹುಳು ಉಪವಾಸ ಬೀಳುತ್ತಿತ್ತು. ಇಡೀ ಕಣಿವೆ ಒಂದೇ ದಿನ ನಾಟಿಗಿಳಿದರೆ ನೀರು ಸಾಲದು, ಆದ್ದರಿಂದ ಮೇಲಿನವರಿಗೆ ಒಂದು ಕಾಲ, ಕೆಳಗಿನವರಿಗೆ ಇನ್ನೊಂದು. ಹುಳು, ನೀರು ಎರಡರ ಲೆಕ್ಕವನ್ನೂ ಗುಡಿ ಇಟ್ಟುಕೊಂಡಿತ್ತು.

ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ, ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆಗೂಡಿ ಎರಡು ನದಿಗಳ 172 ಸುಬಕ್‌ಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಪ್ರತಿ ಸುಬಕ್ ತನ್ನ ಪಾಡಿಗೆ ನಾಟಿ ಮಾಡಿದರೂ ಇಳುವರಿ ಕುಸಿಯಿತು, ಎಲ್ಲವೂ ಒಟ್ಟಿಗೆ ಮಾಡಿದರೂ ಕುಸಿಯಿತು. ಗುಡಿಗಳು ಗುಂಪು ಮಾಡಿಕೊಟ್ಟಂತೆ ನಡೆದಾಗ ಬೆಳೆ ಚೆನ್ನಾಗಿ ಬಂತು. ಯಂತ್ರಕ್ಕೆ ದೇವಿಯ ಮೇಲೆ ಭಕ್ತಿಯೇನೂ ಇರಲಿಲ್ಲ. ಮುಂದಿನ ಸಾಲಿನಲ್ಲಿರುವ ನಿವೃತ್ತ ಎಂಜಿನಿಯರುಗಳು ನಗುತ್ತಿದ್ದೀರಿ. ಅಂದಿನ ತಜ್ಞರೂ ಹೀಗೆಯೇ ನಕ್ಕಿದ್ದರೆಂದು ನನ್ನ ಗುಮಾನಿ. 2012ರಲ್ಲಿ ಯುನೆಸ್ಕೊ ಈ ಸುಬಕ್ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದರಿಂದ ಪ್ರವಾಸಿಗರು ಹೆಚ್ಚಿದರು, ಗದ್ದೆಯ ಬದುವಿನ ಪಕ್ಕ ವಿಲ್ಲಾಗಳೂ ಎದ್ದವು. ವಿಲ್ಲಾದ ಈಜುಕೊಳಕ್ಕೆ ಯಾವ ಗುಡಿಯ ಸಭೆಯೂ ಪಾಳಿ ಹಾಕುವುದಿಲ್ಲ.

ನ್ಯೆಪಿಯನ್ನೂ ಇದೇ ಕಣ್ಣಿನಿಂದ ನೋಡಿ. ಅದು ಅವರ ಶಕ ವರ್ಷದ ಮೊದಲ ದಿನ. ಶಾಲಿವಾಹನ ಶಕೆ ನಮ್ಮದೂ ಹೌದಲ್ಲ! 2023ರಲ್ಲಿ ನಮ್ಮ ಯುಗಾದಿ, ಅವರ ನ್ಯೆಪಿ ಎರಡೂ ಮಾರ್ಚ್ 22ರಂದೇ ಬಂದವು. ಇಬ್ಬರಿಗೂ ಅಂದು ಶಕ 1945. ಇಲ್ಲಿ ಹೋಳಿಗೆ, ಅಲ್ಲಿ ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ, ಮನರಂಜನೆಯೂ ಇಲ್ಲ. ಹಿಂದಿನ ಸಂಜೆ ಓಗೋ-ಓಗೋ ಎಂಬ ರಾಕ್ಷಸ ಬೊಂಬೆಗಳನ್ನು ಹೊತ್ತು ಬೀದಿಯಲ್ಲಿ ಕುಣಿದವರು ಮರುದಿನ ಹೊಸಿಲು ದಾಟುವುದಿಲ್ಲ. ಊರಿನ ಕಾವಲುಗಾರರಾದ ಪೆಚಲಾಂಗ್‌ಗಳು ಗಸ್ತು ತಿರುಗುತ್ತಾರೆ. 2018ರಿಂದ ಮೊಬೈಲ್ ಇಂಟರ್‌ನೆಟ್ಟನ್ನೂ ನಿಲ್ಲಿಸುತ್ತಿದ್ದಾರೆ. ಪ್ರವಾಸಿಗರಿಂದಲೇ ಬದುಕುವ ದ್ವೀಪ ಪ್ರವಾಸಿಗರನ್ನೂ ಹೋಟೆಲಿನೊಳಗೆ ಕೂರಿಸುತ್ತದೆ. ಗದ್ದೆಗೂ ಬೀಳು, ಊರಿಗೂ ಬೀಳು.

ಚೀಟಿ ಬಂತು. ಸರಿ, ಓಡುತ್ತೇನೆ. ಕೆಚಕ್: ಗಂಡಸರು ವೃತ್ತವಾಗಿ ಕುಳಿತು ‘ಚಕ್ ಚಕ್’ ಎನ್ನುವ ರಾಮಾಯಣ. ಪ್ರಾಚೀನವೆಂದು ಮಾರ್ಗದರ್ಶಿಗಳು ಹೇಳಿದರೆ ನಂಬಬೇಡಿ. ಹಳೆಯ ಆವೇಶದ ಆಚರಣೆಯಿಂದ 1930ರ ದಶಕದಲ್ಲಿ ರೂಪುಗೊಂಡದ್ದು, ಅದರಲ್ಲಿ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಕಲಾವಿದನ ಕೈಯೂ ಇದೆ. ಹಾಗೆಂದು ಅದರ ಬೆಲೆ ಕಡಿಮೆಯೇನಲ್ಲ. ಗಲುಂಗಾನ್ ಹಬ್ಬ 210 ದಿನಗಳಿಗೊಮ್ಮೆ ಬರುತ್ತದೆ, ಪೆಂಜೋರ್ ಎಂಬ ಬಾಗಿದ ಬಿದಿರಿನ ಅಲಂಕಾರದ ಕಂಬಗಳು ಬೀದಿಯುದ್ದಕ್ಕೂ ನಿಲ್ಲುತ್ತವೆ. ಶವಸಂಸ್ಕಾರದ ವಿಷಯಕ್ಕೆ ಇಂದು ಸಮಯವಿಲ್ಲ.

ಹೋಗುವವರಿಗೆ ಒಂದೇ ಮಾತು: ಮಾರ್ಚ್ ತಿಂಗಳಿಗೆ ಟಿಕೆಟ್ ಕೊಳ್ಳುವ ಮೊದಲು ನ್ಯೆಪಿ ಯಾವತ್ತು ಎಂದು ವಿಚಾರಿಸಿಕೊಳ್ಳಿ. ಅಂದು ವಿಮಾನ ನಿಲ್ದಾಣವೂ 24 ಗಂಟೆ ಬಾಗಿಲು ಹಾಕಿರುತ್ತದೆ. ನಮಸ್ಕಾರ.